ಕಾಫಿಗೆ ಕರೆದ ರೀಲು

ಹುರಿಯುವ ಡ್ರಮ್ಮಿನ ಬಾಯಿಂದ ಕಿಡಿ ಹಾರಿ ನನ್ನ ಸೆರಗಿಗೆ ತಗುಲಬಹುದಿತ್ತು. ಆ ಗಾಬರಿಯಲ್ಲಿ ಬೀಜ ಸೀದುಹೋಗಬಹುದಿತ್ತು, ಸೀದ ಬೀಜವನ್ನು ಊರೆಲ್ಲ ನೋಡಬಹುದಿತ್ತು. ಸರಿಯಾಗಿ ಆ ಹೊತ್ತಿಗೇ ಕರೆಂಟು ಹೋಗಬಹುದಿತ್ತು. ಮೂಡಿಗೆರೆಯಲ್ಲಿ ಅದಕ್ಕೆ ಗಾಳಿಮಳೆಯೇ ಬರಬೇಕೆಂದೇನಿಲ್ಲ. ಮೂಲೆಗೆ ಒರಗಿಸಿಟ್ಟ ಚಿಕೋರಿ ಮೂಟೆ ಕಣ್ಣಿಗೆ ಬಿದ್ದು, ಇವರು ಕೊಡುವುದೆಲ್ಲ ಅದೇ ಎಂದು ಯಾರಾದರೂ ರೀಲಿನ ಕೆಳಗೆ ಬರೆಯಬಹುದಿತ್ತು. ನನ್ನ ಮುಖವನ್ನು ಕತ್ತರಿಸಿ ಮಂಡಿನೋವಿನ ಎಣ್ಣೆಯ ಜಾಹೀರಾತಿಗೆ ಅಂಟಿಸಬಹುದಿತ್ತು. ಚಿಕ್ಕಮಗಳೂರಿನಲ್ಲಿರುವ ಅಕ್ಕ ನೋಡಿ, "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತೇನೇ" ಎಂದು ಫೋನು ಮಾಡಬಹುದಿತ್ತು. ಯಾರೂ ನೋಡದೆ ಇರಬಹುದಿತ್ತು. ಎಲ್ಲರೂ ನೋಡಿಬಿಡಬಹುದಿತ್ತು. ಕೊನೆಯ ಎರಡರಲ್ಲಿ ಯಾವುದು ದೊಡ್ಡ ಅನಾಹುತ ಎಂದು ತೀರ್ಮಾನಿಸಲಾಗದೆ ಎರಡಕ್ಕೂ ಸಮನಾಗಿ ಹೆದರಿಕೊಂಡಿದ್ದೆ.

ಹೆದರುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ಬಸ್ಸು ಹತ್ತುವ ಮೊದಲೇ ಇಳಿಯುವ ಚಿಂತೆ ಶುರುಮಾಡುವವಳು ನಾನು. ಆದರೆ ಈ ಸಲ ಕಾರಣವೂ ಇತ್ತು. ನಮ್ಮದು ಕಾಫಿಪುಡಿ ಅಂಗಡಿ. ಎದುರಿಗೆ ಕೌಂಟರು, ಅದಕ್ಕೆ ತಾಗಿ ನಮ್ಮ ಮನೆ, ಹಿಂದಿನ ಅಂಗಳದಲ್ಲಿ ಕಟ್ಟಿಗೆ ಉರಿಯ ಮೇಲೆ ತಿರುಗುವ ಡ್ರಮ್ಮು. ಹುರಿಯುವುದು ನಾನು, ಬೀಸಿ ಮಾರುವುದು ನನ್ನ ಗಂಡ. ಮೊದಲು ವಾರಕ್ಕೆ ಮೂರು ಸಲ ಡ್ರಮ್ಮಿಗೆ ಬೆಂಕಿ ಹಾಕುತ್ತಿದ್ದೆವು. ಅದು ಎರಡಾಯಿತು. ಆಮೇಲೆ ಸೋಮವಾರ ಮಾತ್ರ. ಸೋಮವಾರ ಹುರಿದದ್ದು ಶನಿವಾರದ ಹೊತ್ತಿಗೆ ಘಮ ಕಳೆದುಕೊಳ್ಳುತ್ತದೆ, ಘಮ ಹೋದ ಪುಡಿಯನ್ನು ಒಮ್ಮೆ ಒಯ್ದವರು ಮತ್ತೆ ಬರುವುದಿಲ್ಲ. ಆ ಒಂದು ಸೋಮವಾರವೂ ತಪ್ಪಿದರೆ ಕಂಪನಿಯ ಪ್ಯಾಕೆಟ್ಟುಗಳನ್ನು ಸಾಲಾಗಿ ತೂಗುಹಾಕಿಕೊಂಡು ಕೂರುವುದೇ ಗತಿ. ಹಾಗೆ ಕೂತರೆ, ಡ್ರಮ್ಮಿನ ಮುಂದೆ ಇಪ್ಪತ್ತೆರಡು ವರ್ಷ ನಿಂತು ಕಲಿತದ್ದನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ? ನನಗೆ ಬರುವ ಕೆಲಸ ಅದೊಂದೇ.

ರೀಲು ಮಾಡಬೇಕೆಂದು ಹಟ ಹಿಡಿದವಳು ನನ್ನ ನಾದಿನಿ. ಬಾಳೂರಿನ ಕಡೆ ಹೋಂಸ್ಟೇ ನಡೆಸುತ್ತಾಳೆ. ಅವಳ ನಾಯಿ ಮಳೆಯಲ್ಲಿ ನೆನೆದು ಮೈ ಕೊಡವಿಕೊಂಡ ರೀಲು ನೋಡಿ ಹುಬ್ಬಳ್ಳಿಯಿಂದ ಎರಡು ಸಂಸಾರ ಬಂದು ಮೂರು ದಿನ ಉಳಿದು ಹೋದವಂತೆ. ಅಂದಿನಿಂದ ಅವಳು ಸೆಕೆಂಡಿನ ಲೆಕ್ಕದಲ್ಲೇ ಮಾತಾಡುತ್ತಾಳೆ.

"ಅತ್ತಿಗೆ, ಮೊದಲ ಮೂರು ಸೆಕೆಂಡಲ್ಲಿ ಜನ ನಿಲ್ಬೇಕು. ಇಲ್ಲಾಂದ್ರೆ ಬೆರಳು ಮೇಲೆ ಹೋಯ್ತು, ನೀವೂ ಹೋದ್ರಿ."

"ಮೂರು ಸೆಕೆಂಡಲ್ಲಿ ನಂಗೆ ಸೆರಗು ಸರಿ ಮಾಡ್ಕೊಳ್ಳೋಕೂ ಆಗಲ್ಲ ಮಾರಾಯ್ತಿ."

"ಸೆರಗು ಯಾರು ನೋಡ್ತಾರೆ? ಬೆಂಕಿ ತೋರ್ಸಣ. ಬೆಂಕಿ ಕಂಡ್ರೆ ಜನ ನಿಲ್ತಾರೆ."

ಬೀಸುವ ಯಂತ್ರದ ಹಿಂದಿನಿಂದ ನನ್ನ ಗಂಡ, "ಅಂಗಡಿಗೇ ಬೆಂಕಿ ಬಿದ್ರೆ ಇನ್ನೂ ಜಾಸ್ತಿ ನಿಲ್ತಾರೆ" ಅಂದರು.

ಚಿತ್ರೀಕರಣ ಒಂದು ಸೋಮವಾರ ನಡೆಯಿತು. ಹುರಿಯುವಾಗ ನಾನು ಮಾತಾಡುವುದಿಲ್ಲ. ಬೀಜ ಮೊದಲು ಚಟ್ ಎಂದು ಸಿಡಿಯುವ ಸದ್ದು, ಆಮೇಲೆ ಬರುವ ಸಣ್ಣ ಚಿಟಿಚಿಟಿ, ಇದನ್ನು ಕಿವಿಯಿಂದಲೇ ಹಿಡಿಯಬೇಕು. ಅರ್ಧ ನಿಮಿಷ ತಡವಾದರೂ ಕಹಿ. ಅವಳು "ಏನಾದ್ರೂ ಹೇಳಿ ಅತ್ತಿಗೆ, ಸುಮ್ನೆ ನಿಂತ್ರೆ ಹೆಂಗೆ" ಎನ್ನುವಳು, ನಾನು "ಶ್" ಎನ್ನುವೆ. ಬೀಜ ಸುರಿದು, ಹೊಗೆ ಎದ್ದು, ಬಣ್ಣ ಹದವಾಗಿ ಬಂದದ್ದು ಕಂಡು ನನಗೆ ಜೀವ ಬಂದಂತಾಯಿತು. ಅದೇ ಗಳಿಗೆಗೆ ಅವಳು ಫೋನನ್ನು ಮುಖದ ಹತ್ತಿರ ತಂದಳು. "ಇಲ್ಲಿ ನೋಡಿ ನಗ್ತಾ ಒಂದು ಮಾತು ಹೇಳಿ, ಮುಗೀತು."

ತಲೆ ಖಾಲಿ. ತಲೆ ಖಾಲಿಯಾದಾಗ ನಮ್ಮ ಕಡೆಯವರ ಬಾಯಿಗೆ ತಾನಾಗಿ ಬರುವ ಮಾತು ಒಂದೇ. ಅದೇ ಬಂತು.

"ಈ ಕಡೆ ಬಂದಾಗ ಬನ್ನಿ, ಕಾಫಿ ಕುಡ್ಕೊಂಡು ಹೋಗಿ."

ಈ ಮಾತನ್ನು ನಾವು ಯಾರಿಗೆ ಹೇಳುವುದಿಲ್ಲ? ಬೇಲಿಯಾಚೆ ಹೋಗುವವರಿಗೆ ಹೇಳುತ್ತೇವೆ, ಬಸ್ಸಿನ ಕಿಟಕಿಯಲ್ಲಿ ಕಂಡವರಿಗೆ ಹೇಳುತ್ತೇವೆ, ಜೀಪು ನಿಲ್ಲಿಸಿ ದಾರಿ ಕೇಳಿದವರಿಗೂ ಹೇಳುತ್ತೇವೆ. ಅವರು "ಬರ್ತೀನಿ, ಇನ್ನೊಂದ್ಸಲ ಬರ್ತೀನಿ" ಎಂದು ಮುಂದೆ ಹೋಗುತ್ತಾರೆ. ಮರ್ಯಾದೆಯೂ ಉಳಿಯಿತು, ಹಾಲೂ ಉಳಿಯಿತು. ಇಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಇದು ಗೊತ್ತು. ಫೋನಿನಲ್ಲಿ ನೋಡುವವರು ಇಲ್ಲಿ ಹುಟ್ಟಿದವರಲ್ಲ ಎಂಬುದು, ಅಷ್ಟೆಲ್ಲ ಹೆದರಿಕೆಗಳನ್ನು ಸಾಲಾಗಿ ಜೋಡಿಸಿಟ್ಟ ನನ್ನ ತಲೆಗೆ ಹೊಳೆಯಲೇ ಇಲ್ಲ.

ರೀಲು ಹಾಕಿದ ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ಶನಿವಾರ ಅಂಗಳದ ಗೇಟಿನ ಹತ್ತಿರ ಕಾರು ನಿಂತಿತು. ಐದು ಜನ ಇಳಿದರು. ದಾವಣಗೆರೆಯವರು.

"ಆಂಟಿ, ನೀವೇ ಅಲ್ವಾ? ಕಾಫಿಗೆ ಕರ್ದಿದ್ರಲ್ಲ, ಬಂದ್ವಿ ನೋಡಿ."

ನೆಂಟರ ಮನೆಗೆ ಬಂದಷ್ಟು ಸಂತೋಷ ಅವರ ಮುಖದಲ್ಲಿ. ಒಳಗೆ ಹೋಗಿ ಹಾಲಿಟ್ಟೆ. ಕುಡಿದರು, ಡ್ರಮ್ಮಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ಕೈಮುಗಿದು ಹೊರಟರು. ಅವರ ಕಾರು ತಿರುಗುವುದಕ್ಕೆ ಜಾಗವಿರಲಿಲ್ಲ, ಏಕೆಂದರೆ ಹಿಂದೆ ಇನ್ನೆರಡು ಕಾರು ಬಂದು ನಿಂತಿದ್ದವು.

ಆಮೇಲೆ ಶನಿವಾರ ಭಾನುವಾರ ಎಂದರೆ ಬೆಳಿಗ್ಗೆಯೇ ಹಾಲಿನ ದೊಡ್ಡ ಪಾತ್ರೆ ಒಲೆಗೇರಿಸತೊಡಗಿದೆ. ಎಲ್ಲರೂ ನಾದಿನಿ ರೀಲಿನ ಜೊತೆ ಹಾಕಿದ್ದ ಲೊಕೇಶನ್ ಹಿಡಿದು, ವಿಡಿಯೋದಲ್ಲಿ ಕಂಡ ಅಂಗಳವನ್ನೇ ಹುಡುಕಿಕೊಂಡು ಪಕ್ಕದ ಗೇಟಿನಿಂದಲೇ ಬರುವರು. ಒಬ್ಬರಿಗೆ ಸಕ್ಕರೆ ಬೇಡ, ಒಬ್ಬರಿಗೆ ಬೆಲ್ಲವೇ ಬೇಕು, ಒಬ್ಬ ಮಹಾರಾಯರು "ಟೀ ಇಲ್ವಾ" ಎಂದೂ ಕೇಳಿದರು. ಪಕ್ಕದ ಮನೆಯ ಲೋಟಗಳೂ ನಮ್ಮ ಮನೆಗೆ ಬಂದವು. ಲೋಟ ತೊಳೆಯಲು ಗಂಡನೂ ಹಿಂದೆ ಬರಬೇಕಾಯಿತು.

"ಪುಡಿನೂ ತಗೊಂಡು ಹೋಗಿ ಅಂತ ಒಂದು ಮಾತು ಹೇಳ್ರೀ" ಎಂದು ನಾನು ಪಿಸುಗುಟ್ಟಿದೆ.

"ನೀನೇ ಹೇಳು. ಕರೆದೋಳು ನೀನು."

"ವ್ಯಾಪಾರ ನೋಡ್ಕೊಳ್ಳೋರು ನೀವಲ್ವಾ?"

"ಮನೆಗೆ ಕರೆದು, ಲೋಟ ಕೈಯಲ್ಲಿರುವಾಗ ವ್ಯಾಪಾರ ಮಾತಾಡ್ತಾರೇನೆ? ನಿಮ್ಮ ತವರಲ್ಲಿ ಹಂಗಾ?"

ತವರಿನ ಮಾತು ಬಂದ ಮೇಲೆ ನಾನು ಬಾಯಿ ಬಿಡುವ ಹಾಗಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಬಾಯಿ ಬರುತ್ತಿರಲಿಲ್ಲ. ಕಾಫಿ ಕೊಟ್ಟ ಕೈಯಲ್ಲಿ ತಕ್ಕಡಿ ಹಿಡಿದಂತಾಗುತ್ತದೆ. ಹೀಗೆ ಇಬ್ಬರೂ ಮರ್ಯಾದಸ್ಥರಾಗಿ ಲೀಟರುಗಟ್ಟಲೆ ಹಾಲು ಕಾಸಿದೆವು.

ನಾದಿನಿಗೆ ಫೋನು ಮಾಡಿ, ಆ ಕೊನೆಯ ಮಾತನ್ನು ಕತ್ತರಿಸಿ ಹಾಕು ಎಂದೆ.

"ಅಯ್ಯೋ, ಜನ ಹುಚ್ಚಾಗಿರೋದೇ ಆ ಮಾತಿಗೆ. ಕೆಳಗೆ ಓದಿ, ಎಂಥಾ ದೊಡ್ಡ ಮನಸ್ಸು ಅಂತ ಎಲ್ರೂ ಬರ್ದಿದಾರೆ."

"ಖರ್ಚಾಗ್ತಿರೋದು ಮನಸ್ಸಲ್ಲ, ಹಾಲು."

"ತಾಳ್ಮೆ ಬೇಕು ಅತ್ತಿಗೆ. ಮೊದ್ಲು ಜನ ಬರ್ತಾರೆ, ಆಮೇಲೆ ವ್ಯಾಪಾರ ಬರತ್ತೆ."

ಇದ್ದ ವ್ಯಾಪಾರ ಹೋಗುತ್ತಿತ್ತು. ವಾರವಾರ ಕಾಲು ಕೆಜಿ ಒಯ್ಯುವ ನಿವೃತ್ತ ಮೇಷ್ಟ್ರೊಬ್ಬರು ಸೋಮವಾರ ಬಂದು ಮುಖ ಗಂಟುಹಾಕಿಕೊಂಡು ನಿಂತರು. "ನಿನ್ನೆ ಎರಡು ಸಲ ಬಂದೆ ಕಣಮ್ಮ, ಕೌಂಟರಲ್ಲಿ ನರಪಿಳ್ಳೆ ಇಲ್ಲ. ಹಿಂದ್ಗಡೆಯಿಂದ ಗಲಾಟೆ ಕೇಳ್ತಿತ್ತು. ಮದುವೆ ಏನಾದ್ರೂ ಇತ್ತಾ?" ಅವರು ಆ ವಾರದ ಪುಡಿಯನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಬೇರೆ ಕಡೆ ತೆಗೆದುಕೊಂಡಾಗಿತ್ತು. ನಮಗೆ ಅದನ್ನು ತಿಳಿಸಿ ಹೋಗಲೆಂದೇ ಬಂದದ್ದು.

ಬಂದವರ ಕಾಫಿಗೆಂದು ಡ್ರಮ್ಮಿಗೆ ಮಾತ್ರ ಮತ್ತೆ ವಾರಕ್ಕೆ ಎರಡು ಸಲ ಬೆಂಕಿ ಬೀಳುತ್ತಿತ್ತು. ನಾನು ದೇವರಲ್ಲಿ ಬೇಡಿಕೊಂಡದ್ದೂ ಅದನ್ನೇ. ಹುರಿದದ್ದನ್ನು ಯಾರಾದರೂ ಕೊಳ್ಳಲಿ ಎಂದು ಬೇರೆಯಾಗಿ ಬೇಡಿಕೊಳ್ಳಬೇಕಿತ್ತೆಂದು ನನಗೇನು ಗೊತ್ತು? ಗಂಡ ಒಂದು ಸಂಜೆ ಲೋಟ ಬೋರಲು ಹಾಕುತ್ತ, "ಹಿಂಗೇ ಇನ್ನೆರಡು ತಿಂಗಳು ನಡೆದ್ರೆ ಡ್ರಮ್ ಮಾರಿ ಎಮ್ಮೆ ತಗೊಳ್ಳೋದೇ ಸೈ" ಅಂದರು. ತಮಾಷೆಗೇ ಅಂದದ್ದು. ಆದರೆ ಅವರೇ ನಗಲಿಲ್ಲ.

ಮುಂದಿನ ಭಾನುವಾರ ತುಮಕೂರಿನ ಕಡೆಯಿಂದ ಒಂದು ಸಂಸಾರ ಬಂದಿತ್ತು. ಅದರಲ್ಲಿ ನನ್ನದೇ ವಯಸ್ಸಿನ ಹೆಂಗಸೊಬ್ಬರು ಎರಡನೆಯ ಲೋಟವನ್ನು ಕೇಳಿ ಪಡೆದು, ಡ್ರಮ್ಮಿನ ಪಕ್ಕದ ಕಟ್ಟೆಯ ಮೇಲೆ ಕೂತು ನಿಧಾನವಾಗಿ ಕುಡಿದರು.

"ಎಷ್ಟು ವರ್ಷ ಆಗಿತ್ತು ರೀ ಇಂಥ ಕಾಫಿ ಕುಡ್ದು. ಇಲ್ಲಿ ಅಂಗಡಿಗಳಲ್ಲಿ ಯಾವ ಪುಡಿ ಒಳ್ಳೇದು, ಸ್ವಲ್ಪ ಹೇಳಿ. ಬರ್ತಾ ಎಲ್ಲೋ ಎರಡು ಕೆಜಿ ತಗೊಂಡ್ವಿ, ಇದರ ರುಚಿ ಬರತ್ತೋ ಇಲ್ವೋ."

ತಮಾಷೆ ಮಾಡುತ್ತಿದ್ದಾರೇನೋ ಎಂದು ಅವರ ಮುಖ ನೋಡಿದೆ. ಇಲ್ಲ.

"ಇದು ಇಲ್ಲೇ ಹುರಿದಿದ್ದು" ಎಂದೆ.

"ಅದು ಗೊತ್ತು, ವಿಡಿಯೋದಲ್ಲಿ ನೋಡಿದ್ವಲ್ಲ. ನೀವು ಮನೆಗೆ ಅಂತ ಹುರ್ಕೊಳ್ತೀರಿ, ಪುಣ್ಯವಂತರು. ನಮ್ಮಂಥೋರು ಕೊಳ್ಬೇಕಲ್ಲ."

"ನಾವು ಮಾರ್ತೀವಿ" ಎಂದೆ. ನನ್ನ ಧ್ವನಿ ನನಗೇ ಜಗಳದ ಧ್ವನಿಯಂತೆ ಕೇಳಿಸಿತು. "ಈ ಗೋಡೆ ಆಚೆ ಇರೋದು ನಮ್ಮದೇ ಅಂಗಡಿ."

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ?"

ಸಂಕೋಚಕ್ಕೆ ಕಾಲು ಕೆಜಿ ತೆಗೆದುಕೊಂಡು ಹೋದರು. ನಾನು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಫೋನು ತೆರೆದೆ. ನಾಚಿಕೆಗೆ ಆ ರೀಲನ್ನು ಅದುವರೆಗೆ ನಾನು ಪೂರ್ತಿ ನೋಡಿಯೇ ಇರಲಿಲ್ಲ. ಒಟ್ಟು ನಲವತ್ತು ಸೆಕೆಂಡು. ಬೆಂಕಿ ಇತ್ತು. ತಿರುಗುವ ಡ್ರಮ್ಮಿತ್ತು, ಬೀಜ ಸುರಿಯುವ ನನ್ನ ಕೈಯಿತ್ತು, ಹೊಗೆಯ ನಡುವೆ ಮದುಮಗಳ ತಾಯಿಯಂತೆ ನಗುತ್ತ ಲೋಕವನ್ನೆಲ್ಲ ಕರೆಯುವ ನಾನಿದ್ದೆ. ಮೂರು ಸಲ ನೋಡಿದೆ. ಗಂಡನನ್ನು ಕರೆದು ತೋರಿಸಿ, ಅವರ ಜೊತೆ ನಾಲ್ಕನೆಯ ಸಲವೂ ನೋಡಿದೆ.

ನಾವು ಕಾಫಿಪುಡಿ ಮಾರುತ್ತೇವೆ ಎಂದು ಅದರಲ್ಲಿ ಎಲ್ಲಿಯೂ ಹೇಳಿರಲಿಲ್ಲ.