ಭದ್ರಾವತಿ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ

ಶಿವಮೊಗ್ಗ–ಭದ್ರಾವತಿ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ ಖಾಸಗಿ ಬಸ್ಸು ಓಡಿಸಿದ ಏಕಾಂತಪ್ಪನಿಗೆ ಸೋಮಾರಿ ಎಂಬ ಹೆಸರು ಬಂದದ್ದು ತೊಂಬತ್ತೇಳನೇ ಇಸವಿಯಲ್ಲಿ. ದಿನಕ್ಕೆ ಹತ್ತು ಟ್ರಿಪ್ ಎಳೆಯುವವನನ್ನು ಸೋಮಾರಿ ಎನ್ನಲು ಜನರಿಗೆ ನಾಲಿಗೆ ಹೇಗೆ ಹೊರಳಿತೋ ದೇವರೇ ಬಲ್ಲ. ಅವನು ಮಾಡಿದ್ದಿಷ್ಟೇ: ಪ್ರತಿ ಸಲ ಭದ್ರಾವತಿ ಮುಟ್ಟಿದ ಮೇಲೆ ಬಸ್ ಸ್ಟ್ಯಾಂಡಿನ ಹೊಂಗೆ ಮರದಡಿಯ ಕಲ್ಲುಬೆಂಚಿನ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತ. ಟೀ ಇಲ್ಲ, ಬೀಡಿ ಇಲ್ಲ, ಪೇಪರ್ ಇಲ್ಲ, ಮಾತೂ ಇಲ್ಲ.

ವೇಳಾಪಟ್ಟಿಯಲ್ಲಿ ಅಲ್ಲಿ ನಿಲ್ಲಲು ಹತ್ತು ನಿಮಿಷ ಇದ್ದೇ ಇತ್ತು. ಆದರೆ ಆ ರಸ್ತೆಯಲ್ಲಿ ವೇಳಾಪಟ್ಟಿಗೆ ಕಿಮ್ಮತ್ತು ಕೊಟ್ಟವರು ಯಾರು? ಮುಂದೆ ಹೋದ ಬಸ್ಸನ್ನು ಹಿಂದೆ ಹಾಕಿ ದಾರಿಯ ಜನರನ್ನೆಲ್ಲ ಬಾಚಿಕೊಳ್ಳಬೇಕೆಂದು ಎಲ್ಲರೂ ಎರಡೇ ನಿಮಿಷಕ್ಕೆ ಹೊರಟುಬಿಡುತ್ತಿದ್ದರು. ಏಕಾಂತಪ್ಪನೂ ಹಾಗೇ ಓಡಿಸಿದವನು, ಅದರಲ್ಲಿ ನಿಸ್ಸೀಮ.

ಒಂದು ಮಧ್ಯಾಹ್ನ ಬಸ್ಸನ್ನು ಸ್ಟ್ಯಾಂಡಿಗೆ ತಂದು ಇಂಜಿನ್ ಆರಿಸಿದಾಗ, ಊರಿಗೆ ಮುಂಚೆ ಸಿಗುವ ರೈಲ್ವೆ ಗೇಟನ್ನು ದಾಟಿದ್ದೇ ಅವನಿಗೆ ನೆನಪಾಗಲಿಲ್ಲ. ದಾರಿಯ ನಿದಿಗೆ ಊರಿನಲ್ಲಿ ಮುದುಕಿಯೊಬ್ಬಳನ್ನು ಇಳಿಸಿದ್ದು ನೆನಪಿತ್ತು. ಆಮೇಲಿನದೆಲ್ಲ ಖಾಲಿ.

"ಶೇಷಪ್ಪ, ಗೇಟ್ ತೆಗ್ದಿತ್ತೇನೋ?" ಎಂದು ಕಂಡಕ್ಟರನ್ನು ಕೇಳಿದ.

"ಇಲ್ದಿದ್ರೆ ಹಾರಿಸ್ಕೊಂಡು ಬರ್ತಿದ್ರಾ ಏಕಾಂತಣ್ಣ?" ಎಂದು ಶೇಷಪ್ಪ ನಕ್ಕ.

ಏಕಾಂತಪ್ಪನಿಗೆ ನಗು ಬರಲಿಲ್ಲ. ಹಿಂದೆ ಅರವತ್ತು ಜನ ಕೂತಿದ್ದರು. ಅವರನ್ನು ಕರೆತಂದವನು ಎಲ್ಲಿದ್ದ? ಕಣ್ಣು ತೆರೆದೇ ಇತ್ತು, ನಿದ್ದೆ ಮಾಡಿರಲಿಲ್ಲ. ಯಾರಿಗಾದರೂ ಹೇಳಿದರೆ ಕೆಲಸ ಹೋಗುತ್ತದೆ. ಹೇಳದೆ ಹೀಗೇ ಓಡಿಸಿದರೆ ಇನ್ನೊಂದು ದಿನ ಗೇಟು ಹಾಕಿರುತ್ತದೆ. ಅಂದೇ ತೀರ್ಮಾನಿಸಿದ: ಆ ಹತ್ತು ನಿಮಿಷ ತನ್ನದು, ಯಾರು ಬಂದರೂ ಬಿಟ್ಟುಕೊಡುವುದಿಲ್ಲ.

ಸುಮ್ಮನೆ ಕೂರುವುದು ಸುಲಭ ಎನ್ನುವವರು ಒಮ್ಮೆ ಕೂತು ನೋಡಬೇಕು. ಮೊದಲ ವಾರ ಬೆಂಚಿನ ಮೇಲೂ ಅವನ ಎಡಗಾಲು ಕ್ಲಚ್ ಹುಡುಕುತ್ತಿತ್ತು. ಕಿವಿಯೊಳಗೆ ಇಂಜಿನ್ ಗುಂಯ್‌ಗುಡುತ್ತಲೇ ಇತ್ತು. ಎದ್ದುಬಿಡೋಣ ಎನಿಸಿದಾಗಲೆಲ್ಲ ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದು ಕೂತ. ಎರಡನೇ ವಾರ ಐದಾರು ನಿಮಿಷಕ್ಕೆಲ್ಲ ಆ ಸದ್ದು ಇಳಿದು, ಮರದಿಂದ ಹೂವು ಉದುರುವುದು ಕಣ್ಣಿಗೆ ಬಿತ್ತು. ಹೆಗಲು ತಾನಾಗಿ ಸಡಿಲವಾಯಿತು. ಮತ್ತೆ ಸೀಟು ಹತ್ತಿದರೆ ರಸ್ತೆ ತೊಳೆದಿಟ್ಟಷ್ಟು ಸ್ಪಷ್ಟ. ಮಾಚೇನಹಳ್ಳಿ ಹತ್ತಿರ ಹುಲ್ಲಿನ ಹೊರೆ ಹೊತ್ತು ನಿಂತವಳು, ಅವಳ ಹಿಂದಿನ ಕರು, ಎಲ್ಲ ದೂರದಿಂದಲೇ ಕಾಣತೊಡಗಿತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಯಾರಿಗಾದರೂ ಹೇಳಬೇಕೆನಿಸಿತು. ಹೇಳುವಂತಿರಲಿಲ್ಲ.

ಸ್ಟ್ಯಾಂಡಿನವರು ಬಿಟ್ಟಾರೆಯೇ! ಒಬ್ಬ ಬಿಪಿ ಅಂದ, ಇನ್ನೊಬ್ಬ ಮನೆಯಲ್ಲಿ ಜಗಳ ಅಂದ. ಸೊಪ್ಪು ಮಾರುವ ಚಿನ್ನಮ್ಮ ದೃಷ್ಟಿ ತೆಗೆಯಲು ಮೆಣಸಿನಕಾಯಿ ಹಿಡಿದೇ ಬಂದಳು. ಏಕಾಂತಪ್ಪ ಅಲ್ಲಾಡದೆ ಕೂತು ಅದನ್ನೂ ತೆಗೆಸಿಕೊಂಡ. ಜನ ಕಡಿಮೆಯಾಗಿ, ಕಲೆಕ್ಷನ್ ಮೇಲೆ ಸಿಗುತ್ತಿದ್ದ ತನ್ನ ಭತ್ಯೆಗೆ ಕತ್ತರಿ ಬಿದ್ದದ್ದಕ್ಕೆ ಶೇಷಪ್ಪ ಮಾತ್ರ ಮಾಲೀಕರ ಹತ್ತಿರ ಚಾಡಿ ಹೇಳಿದ.

ಮಾಲೀಕ ನರಸಿಂಹಮೂರ್ತಿ ತಾವೂ ಡ್ರೈವರಾಗಿ ಶುರುಮಾಡಿ ಮೂರು ಬಸ್ಸು ಮಾಡಿಕೊಂಡವರು. ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಭದ್ರಾವತಿಗೇ ಬಂದು ಬೆಂಚಿನ ಮುಂದೆ ನಿಂತರು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಕತ್ತು ಹೊರಹಾಕಿದರು.

"ನಿನ್ನ ಹಿಂದೆ ಬಂದ ಬಸ್ಸು ಆಗ್ಲೇ ಹೋಯ್ತು. ಏಳು, ಇಲ್ಲಾ ಕೀ ಕೊಡು" ಎಂದರು.

ಏಕಾಂತಪ್ಪ ಕೀ ತೆಗೆದು ಬೆಂಚಿನ ಮೇಲಿಟ್ಟ. ಏಳಲಿಲ್ಲ. "ತಗೊಳ್ಳಿ ಸಾವ್ಕಾರ್ರೆ. ಮೂರು ತಿಂಗ್ಳ ಹಿಂದೆ ಗೇಟ್ ದಾಟಿದ್ದು ನಂಗೆ ಗೊತ್ತೇ ಆಗ್ಲಿಲ್ಲ. ಬಸ್ ತುಂಬ ಜನ ಇದ್ರು. ಆವತ್ತಿಂದ ಹೀಗೆ ಕೂತ್ಕೋತೀನಿ. ಕೂರಕ್ಕೆ ಬಿಟ್ರೆ ಓಡಿಸ್ತೀನಿ, ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕೊಳ್ಳಿ."

ಅವನ ಮನೆಯಲ್ಲಿ ಮೂರು ಮಕ್ಕಳು ಓದುತ್ತಿದ್ದವು. ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಶೇಷಪ್ಪನ ಮುಖ ಬಿಳಿಚಿಕೊಂಡಿತು.

ಕೀಯತ್ತ ಕೈ ಚಾಚಿದ್ದ ನರಸಿಂಹಮೂರ್ತಿ ಅಲ್ಲೇ ತಡೆದರು. ಆಮೇಲೆ ಬೆಂಚಿನ ಇನ್ನೊಂದು ತುದಿಗೆ ಕೂತು, ಅವನಿಗಷ್ಟೇ ಕೇಳುವಂತೆ, "ನಂಗೆ ಎರಡು ಸಲ ಹಾಗಾಗಿತ್ತು ಮಾರಾಯ. ಹೆದ್ರಿಕೊಂಡೇ ಸ್ಟೇರಿಂಗ್ ಬಿಟ್ಟೆ. ಮನೆಯವಳಿಗೂ ಹೇಳಿಲ್ಲ" ಎಂದರು.

ಏಕಾಂತಪ್ಪ ಅವರ ಮುಖ ನೋಡಲಿಲ್ಲ. ನೋಡಿದರೆ ಅವರಿಗೆ ಕಷ್ಟವಾದೀತು ಎನಿಸಿತು.

"ಇನ್ನೆಷ್ಟು ನಿಮಿಷ ಇದೆ?" ಎಂದು ಅವರೇ ಕೇಳಿದರು.

"ನಾಲ್ಕು."

ಇಬ್ಬರೂ ಕೂತರು.