ನಾನು ಸಹಿ ಹಾಕದ ಹೇಳಿಕೆ

ಗಡಿಯಾಚೆಯ ಮಲಯಾಳ ನಾಡಿನಲ್ಲಿ, ಬೇಗೂರಿನ ಕಾಡಂಚಿನ ಏಕೋಪಾಧ್ಯಾಯ ಶಾಲೆಗೆ ಸೇರಿದಾಗ ನನಗೆ ಇಪ್ಪತ್ಮೂರು ವರ್ಷ. ನನ್ನೂರು ಹೆಗ್ಗಡದೇವನಕೋಟೆಯ ಕಡೆ. ಬಸ್ಸಿನಲ್ಲಿ ಅರ್ಧ ದಿನದ ದಾರಿ ಅಷ್ಟೆ, ಆದರೂ ಅಲ್ಲಿನವರ ಪಾಲಿಗೆ ನಾನು ಪರದೇಶದವಳು. ಯಾರೂ ನನ್ನ ಹೆಸರು ಹಿಡಿದು ಕರೆಯಲಿಲ್ಲ, ‘ಮೈಸೂರುಕಾರಿ ಟೀಚರ್’ ಎಂದೇ ಕರೆದರು. ಶಾಲೆ ನಡೆಸುತ್ತಿದ್ದ ಸಮಿತಿಯವರು ನನ್ನನ್ನು ಕರೆಸಿಕೊಳ್ಳಲು ಒಂದೇ ಕಾರಣವಿತ್ತು. ಜೇನುಕುರುಬರ ಮಕ್ಕಳ ಮನೆಮಾತು ಕನ್ನಡಕ್ಕೆ ಹತ್ತಿರ. ಮೊದಲಿದ್ದ ಮೇಷ್ಟರಿಗೆ ಅದು ತಿಳಿಯುತ್ತಿರಲಿಲ್ಲ. ಮಕ್ಕಳನ್ನು ಅವರ ಮಾತಿನಿಂದ ಮಲಯಾಳದ ಪುಸ್ತಕಕ್ಕೆ ದಾಟಿಸುವುದು ನನ್ನ ಕೆಲಸ.

ಮೊದಲು ನಾನೇ ದಾಟಬೇಕಿತ್ತು. ನಾನು ಬಾಡಿಗೆಗಿದ್ದ ಮನೆಯ ಒಡತಿ, ನಡುವಯಸ್ಸಿನ ಮಲಯಾಳಿ ಹೆಂಗಸು, ಅಕ್ಷರ ಕಲಿಸಿದರು. ಅಕ್ಕ ಎನ್ನುವ ಹಾಗೆ ಅವರನ್ನು ಚೇಚಿ ಎನ್ನುತ್ತಿದ್ದೆ. ಅವರು ಕಪ್ಪ, ಅಂದರೆ ಮರಗೆಣಸಿನ ಸಿಪ್ಪೆ ಸುಲಿಯುತ್ತಾ ಕೂತರೆ ನಾನು ಪಕ್ಕದಲ್ಲಿ ಕೂತು ಒಂದನೇ ತರಗತಿಯ ಪುಸ್ತಕವನ್ನು ಗಟ್ಟಿಯಾಗಿ ಓದಬೇಕು. ತಪ್ಪಿದರೆ ಚಾಕುವಿನ ಹಿಡಿಯಿಂದ ನೆಲ ಕುಟ್ಟುತ್ತಿದ್ದರು. ಒಂದು ವರ್ಷದಲ್ಲಿ ನಾನು ಪತ್ರಿಕೆ ಓದುವಂತಾದೆ.

ಎರಡನೆಯ ವರ್ಷದ ಹೂಮಳೆ ಬಿದ್ದು, ಕಾಫಿ ಗಿಡಗಳೆಲ್ಲ ಒಂದೇ ವಾರದಲ್ಲಿ ಹೂ ಬಿಟ್ಟು ಬೆಳ್ಳಗಾದವು. ತರಗತಿಯೊಳಗೆ ಆ ವಾಸನೆ ಎಷ್ಟು ದಟ್ಟವಾಗಿತ್ತೆಂದರೆ ಮಧ್ಯಾಹ್ನದ ಹೊತ್ತಿಗೆ ಮಕ್ಕಳೂ ನಾನೂ ತೂಕಡಿಸುತ್ತಿದ್ದೆವು. ಆದರೆ ಆ ವಸಂತದಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಕೆಲವು ವಾರಗಳ ಹಿಂದೆ ಹತ್ತಿರದ ತೃಶ್ಶಿಲೇರಿಯ ಕಡೆ ನಕ್ಸಲರು ಭೂಮಾಲೀಕರ ಮನೆಗೆ ನುಗ್ಗಿದ್ದರು. ಶಾಲೆಯ ಎದುರಿಗೆ, ರಸ್ತೆಯಾಚೆ ಇದ್ದ ಎಸ್ಟೇಟಿನ ಗೋದಾಮಿನಲ್ಲಿ ಪೊಲೀಸರು ಕ್ಯಾಂಪು ಹಾಕಿದ್ದರು. ಕಾಡಿನಿಂದ ಬರುವ ಗಂಡಸರನ್ನೆಲ್ಲ ತಡೆದು ನಿಲ್ಲಿಸುತ್ತಿದ್ದರು.

ಒಂದು ಬೆಳಿಗ್ಗೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಏದುಸಿರು ಬಿಡುತ್ತಾ ನಮ್ಮ ಮನೆಗೆ ಬಂದಳು.

“ಟೀಚರಮ್ಮಾ, ನನ್ ಗಂಡನ್ನ ಪೋಲೀಸು ಹಿಡ್ಕೊಂಡೋದ್ರು. ಜೇನು ನೋಡಾಕ್ಕೆ ಕಾಡಿಗೋಗಿದ್ದ. ಅವ್ರು ಮಲ್ಯಾಳದಲ್ಲಿ ಕೇಳ್ತಾರೆ, ಇವ್ನಿಗೆ ತಿಳಿಯಾಕಿಲ್ಲ. ಸುಮ್ನೆ ನಿಂತ್ರೆ, ಕಳ್ಳ, ಬಾಯ್ ಬಿಡಾಕಿಲ್ಲ ಅಂತ ಹೊಡೀತಾವ್ರೆ.”

ಚೇಚಿ ನನ್ನ ಕೈ ಹಿಡಿದುಕೊಂಡರು. “ಪೋಗಂಡ ಮೋಳೇ” ಎಂದರು. ಹೋಗಬೇಡ ಮಗಳೇ. ಆಮೇಲೆ ಕೈ ಬಿಟ್ಟು, ತಾವೇ ನನ್ನ ಕೊಡೆ ತಂದು ಕೊಟ್ಟರು.

ಕ್ಯಾಂಪಿನಲ್ಲಿದ್ದ ಅಧಿಕಾರಿ ನನ್ನನ್ನು ಕಂಡು ಎದ್ದೇಳಲಿಲ್ಲ. “ಟೀಚರ್, ನೀವು ಹೊರನಾಡಿನವರು. ಕುಟ್ಟದ ಬಸ್ಸು ಹನ್ನೊಂದಕ್ಕೆ ಬರುತ್ತದೆ. ಹತ್ತಿ ಊರಿಗೆ ಹೋಗಿ” ಎಂದ, ಮಲಯಾಳದಲ್ಲಿ.

“ನೀವು ಹಿಡಿದಿರುವವನ ಮಾತು ನನಗೆ ಬರುತ್ತದೆ. ನಿಮ್ಮಲ್ಲಿ ಯಾರಿಗಾದರೂ ಬಂದರೆ ಈಗಲೇ ಹೋಗುತ್ತೇನೆ” ಎಂದೆ. ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ. ಹನ್ನೊಂದರ ಬಸ್ಸು ಬಂದು ಹೋಯಿತು. ಅದು ಹೋದ ಮೇಲೆ ಒಳಗೆ ಕರೆದರು.

ಅವನು ಗೋಡೆಗೆ ಒರಗಿ ಕುಕ್ಕುರುಗಾಲಿನಲ್ಲಿ ಕೂತಿದ್ದ. ಎಡಗೈ ಬಾತುಕೊಂಡಿತ್ತು. ನಾನು ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ಅವನ ಮುಖದಲ್ಲಿ ಜೀವ ಬಂತು. ಕಾಡಿನಲ್ಲಿ ಯಾರನ್ನಾದರೂ ಕಂಡೆಯಾ ಎಂದು ಅಧಿಕಾರಿ ಕೇಳಿದ್ದನ್ನು ಅವನ ಮಾತಿನಲ್ಲಿ ಕೇಳಿದೆ.

“ಕಂಡೆ ಟೀಚರಮ್ಮ. ನಾಕು ಜನ. ನೀರೆಲ್ಲಿ ಸಿಗ್ತದೆ ಅಂದ್ರು. ಹೊಳೆ ಆ ಕಡೆ ಅಂದೆ. ನೀರು ಕೇಳ್ದೋರಿಗೆ ಇಲ್ಲ ಅನ್ನಾಕಾಯ್ತದಾ?”

ಯಾರನ್ನೂ ಕಾಣಲಿಲ್ಲವಂತೆ ಎಂದುಬಿಡಬಹುದಿತ್ತು. ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವನು ನನ್ನನ್ನೇ ನೋಡುತ್ತಿದ್ದ, ತನ್ನ ಮಾತನ್ನು ನಾನು ಇದ್ದ ಹಾಗೆ ದಾಟಿಸುತ್ತೇನೆಂಬ ನಂಬಿಕೆಯಿಂದ. ದಾಟಿಸಿದೆ. ಸರಿ ಮಾಡಿದೆನೋ ಇಲ್ಲವೋ, ಈಗಲೂ ನನಗೆ ಗೊತ್ತಿಲ್ಲ.

ಬರೆದುಕೊಳ್ಳುತ್ತಿದ್ದ ಪೊಲೀಸಿನವನು ಕಾಗದ ಮುಗಿಸಿ ಅವನ ಮುಂದಿಟ್ಟ. ಹೆಬ್ಬೆಟ್ಟಿಗೆ ಶಾಯಿ ಹಚ್ಚಿಯೂ ಆಗಿತ್ತು. ಕೆಳಗೆ ನಾನು ಸಾಕ್ಷಿಯಾಗಿ ಸಹಿ ಹಾಕಬೇಕು.

“ತಡೆಯಿರಿ, ಓದುತ್ತೇನೆ” ಎಂದೆ.

“ನಿಮಗೆ ಓದಲು ಬರುತ್ತದೆಯೇ?” ಅಧಿಕಾರಿಯ ದನಿ ಮೊದಲ ಬಾರಿ ಬದಲಾಯಿತು.

ಬೆರಳಿಟ್ಟು, ಒಂದೊಂದೇ ಪದ ಕೂಡಿಸಿ, ಗಟ್ಟಿಯಾಗಿ ಓದಿದೆ. ಆಯುಧ ಹಿಡಿದ ನಾಲ್ವರಿಗೆ ಅಕ್ಕಿ ಕೊಟ್ಟೆ, ತಂಗಲು ಜಾಗ ತೋರಿಸಿದೆ, ಮತ್ತೆ ಬರಲು ಹೇಳಿದೆ ಎಂದಿತ್ತು. ಹೊಳೆಯ ಮಾತೇ ಇರಲಿಲ್ಲ. ನಾನು ಅವನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ: “ಇದ್ರಲ್ಲಿ ನೀನು ಹೇಳ್ದೇ ಇರೋದು ಬರ್ದವ್ರೆ. ಬೆರಳು ಒತ್ಬೇಡ.”

ಅವನು ಶಾಯಿಯ ಹೆಬ್ಬೆಟ್ಟನ್ನು ತನ್ನ ಪಂಚೆಗೆ ಒರೆಸಿಕೊಂಡ.

ಅಧಿಕಾರಿ ಮೇಜು ಗುದ್ದಿದ. ನಿಮ್ಮನ್ನೂ ಒಳಗೆ ಹಾಕುತ್ತೇನೆ ಎಂದ. ನಾನು ಧೈರ್ಯಸ್ಥೆಯೇನಲ್ಲ. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು. ನಾನು ದಾಟಿಸಿದ ಮಾತನ್ನೇ ತಿರುಚಿ ಅವನ ಕೊರಳಿಗೆ ಕಟ್ಟುತ್ತಿದ್ದರು. “ಹಾಕಿ. ಅವನು ಹೇಳಿದ್ದನ್ನು ಬರೆದರೆ ಸಹಿ. ಇದಕ್ಕೆ ಇಲ್ಲ” ಎಂದೆ. ನನ್ನನ್ನು ಹೊರಗೆ ಕಳಿಸಿದರು. ಅವನನ್ನು ಬಿಡಲಿಲ್ಲ.

ಮರುದಿನ ಶಾಲೆಗೆ ಒಂದು ಮಗುವೂ ಬರಲಿಲ್ಲ. ಮೈಸೂರುಕಾರಿಯ ಶಾಲೆಗೆ ಮಕ್ಕಳನ್ನು ಕಳಿಸಿದರೆ ನೋಡಿಕೊಳ್ಳುತ್ತೇವೆ ಎಂದು ಯಾರೋ ಜೇನುಕುರುಬರ ಹಾಡಿಯಲ್ಲಿ ಹೇಳಿ ಹೋಗಿದ್ದರಂತೆ. ನಾನು ಬಾಗಿಲು ತೆರೆದೆ, ಗಂಟೆ ಹೊಡೆದೆ, ಖಾಲಿ ಚಾಪೆಗಳಿಗೆ ಪಾಠ ಓದಿದೆ, ರಸ್ತೆಯಾಚೆಗೆ ಕೇಳುವ ಹಾಗೆ. ಮೂರನೆಯ ದಿನ ಸಮಿತಿಯ ಕಾರ್ಯದರ್ಶಿ ಬಂದರು. ಒಳ್ಳೆಯ ಮನುಷ್ಯರೇ, ಹೆದರಿದ್ದರು.

“ಟೀಚರ್, ಗಲಾಟೆ ತಣ್ಣಗಾಗುವವರೆಗೆ ನಿಮ್ಮ ನಾಡಿಗೆ ಹೋಗಿ ಬನ್ನಿ.”

“ಈ ಮಕ್ಕಳ ಮಾತು ಬರುವ ಇನ್ನೊಬ್ಬರನ್ನು ಕರೆತನ್ನಿ. ಅವರ ಕೈಗೆ ಬೀಗದ ಕೈ ಕೊಟ್ಟೇ ಹೋಗುತ್ತೇನೆ” ಎಂದೆ. ಅವರು ಟೀ ಕುಡಿದು ಹೊರಟುಹೋದರು. ಇನ್ನೊಬ್ಬರು ಬರಲಿಲ್ಲ.

ಐದನೆಯ ದಿನ ಅವನನ್ನು ಬಿಟ್ಟರು. ಯಾವ ಕಾಗದಕ್ಕೂ ಬೆರಳು ಒತ್ತಿರಲಿಲ್ಲ. ಆದರೆ ಆ ಎಡಗೈಯ ಬೆರಳುಗಳು ಮತ್ತೆ ಪೂರ್ತಿ ಮಡಚಲಿಲ್ಲ. ಮುಂದೆ ಅವನು ಜೇನಿನ ಮರ ಹತ್ತಲೂ ಇಲ್ಲ, ಎಸ್ಟೇಟಿನಲ್ಲಿ ಪಣಿಗೆ, ಅಂದರೆ ಕೂಲಿಗೆ ಹೋದ. ಅದನ್ನು ಗೆಲುವು ಎಂದು ನಾನು ಯಾರ ಮುಂದೆಯೂ ಹೇಳಿಲ್ಲ.

ಅದರ ಮರುದಿನ ಅವನ ಹೆಂಡತಿ ಮಗಳ ಕೈ ಹಿಡಿದುಕೊಂಡು, ಕ್ಯಾಂಪಿನ ಮುಂದೆಯೇ ನಡೆದುಬಂದಳು. ಪೊಲೀಸಿನವನೊಬ್ಬ ಏನೋ ಕೂಗಿದ. ಅವಳು ತಿರುಗಿಯೂ ನೋಡಲಿಲ್ಲ.

“ನಿಂಗೆ ಪೇಡಿ ಆಗ್ಲಿಲ್ವಾ?” ಎಂದೆ. ಅಲ್ಲಿ ಹೆದರಿಕೆಗೆ ಎಲ್ಲರೂ ಪೇಡಿ ಎನ್ನುತ್ತಿದ್ದರು, ನನಗೂ ಅದೇ ರೂಢಿಯಾಗಿತ್ತು.

“ಆಯ್ತದೆ. ಅದ್ಕೇ ಕರ್ಕೊಂಬಂದೆ. ಅವ್ನು ಹೇಳ್ದ, ಇನ್ನೊಂದ್ಸಲ ಕಾಗ್ದ ಇಟ್ರೆ ನಮ್ಮೋರೇ ಓದ್ಬೇಕು ಅಂತ. ಇವ್ಳಿಗೆ ಬಿರ್ರನೆ ಕಲ್ಸು.”

ಆ ದಿನ ಇಡೀ ಒಬ್ಬಳೇ ಹುಡುಗಿಗೆ ಪಾಠ ಮಾಡಿದೆ. ತಾಯಿ ಕೂಡ ಬಾಗಿಲ ಹತ್ತಿರ ಕೂತು, ಮಗಳ ಸ್ಲೇಟು ನೋಡಿಕೊಂಡು ನೆಲದ ಮೇಲೆ ಕಡ್ಡಿಯಲ್ಲಿ ಗೀಚುತ್ತಿದ್ದಳು. ಸಂಜೆಯ ಹೊತ್ತಿಗೆ ಇಬ್ಬರೂ ನಾಲ್ಕು ಅಕ್ಷರ ಕಲಿತಿದ್ದರು. ಮರುವಾರ ಹನ್ನೊಂದು ಮಕ್ಕಳು ಬಂದರು. ನಾನು ಅಲ್ಲಿ ಒಂಬತ್ತು ವರ್ಷ ಇದ್ದೆ.