ಇಬ್ರಾ ದಾರಿಯ ಜಾವಾ ಮತ್ತು ಹೊನ್ನಪ್ಪನವರ ಭಯ

ಮಸ್ಕತ್ತಿನ ಕನ್ನಡಿಗರಲ್ಲಿ ಮೋಟಾರು ಸೈಕಲ್ಲಿನ ಚರಿತ್ರೆಯನ್ನು ಒಂದು ವಿದ್ಯೆಯಂತೆ ಅಭ್ಯಾಸ ಮಾಡಿ, ಅದನ್ನು ಸಭೆಯಲ್ಲಿ ತಾಯ್ನುಡಿಯಲ್ಲೇ ಹೇಳಬಲ್ಲವರೆಂದರೆ ಶ್ರೀ ಹೊನ್ನಪ್ಪನವರು. ಖುರುಮ್‌ನ ವಾಹನ ಸೇವಾ ಸಂಸ್ಥೆಯೊಂದರ ತಪಾಸಣಾ ವಿಭಾಗದ ಮುಖ್ಯಸ್ಥರಾಗಿ ಈಗ ನಿವೃತ್ತರಾಗುತ್ತಿರುವ ಅವರನ್ನು ಧೈರ್ಯಶಾಲಿಯೆಂದು ಹೊಗಳಿದರೆ ಅವರೇ ಒಪ್ಪುವುದಿಲ್ಲ.

೧೯೨೯ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಜಾವಾ, ತನ್ನ ಸ್ಥಾಪಕ ಯಾನೆಚೆಕ್ ಮತ್ತು ವಾಂಡರರ್ ಎಂಬ ಜರ್ಮನ್ ಸಂಸ್ಥೆ, ಈ ಎರಡು ಹೆಸರುಗಳ ರೋಮನ್ ಲಿಪಿಯ ಮೊದಲೆರಡು ಅಕ್ಷರಗಳನ್ನು (Ja, Wa) ಹೊತ್ತು, ಮೂರು ದಶಕಗಳ ಬಳಿಕ ಮೈಸೂರಿಗೆ ಬಂದು ಅಲ್ಲಿಯದೇ ಆಯಿತು. ಆ ಕಾರ್ಖಾನೆಯಲ್ಲಿ ತರುಣ ಹೊನ್ನಪ್ಪನವರು ಎಂಜಿನ್ ಪರೀಕ್ಷೆಯ ಕೆಲಸ ಕಲಿತರು. ೧೯೯೬ರಲ್ಲಿ ಅದು ಮುಚ್ಚುವ ಹೊತ್ತಿಗೆ ಪತ್ನಿ ಪದ್ಮಮ್ಮನವರು ಗರ್ಭಿಣಿ. ಗೇಟು ಇಂದು ತೆರೆದೀತೋ ಇಲ್ಲವೋ ಎಂಬ ಅಳುಕಿನಲ್ಲೇ ದಿನಗಳನ್ನು ದೂಡಿ, ಕೊನೆಗೆ ಗುರುತು ಪರಿಚಯವಿಲ್ಲದ ಮಸ್ಕತ್ತಿಗೆ ಬಂದಿಳಿದರು. ಆ ಅಳುಕನ್ನು ಅವರು ಮರೆಯಲಿಲ್ಲ. ಹೊಸದಾಗಿ ಬಂದವರು ಯಾರೇ ಕಂಗೆಟ್ಟಿದ್ದರೂ ತಮ್ಮ ಮನೆಯಲ್ಲಿ ಜಾಗ ಕೊಡುತ್ತಿದ್ದರು. ಉಡುಪಿಯ ಕಿರಿಯ ಇಂಜಿನಿಯರ್ ಸುಮಿತ್, ವೀಸಾದ ಹೊಣೆ ಹೊತ್ತ ಕಫೀಲ್ ಬದಲಾಗುವವರೆಗೆ ಪದ್ಮಮ್ಮನವರ ಕೈಯಡಿಗೆಯನ್ನೇ ಉಂಡು ಬದುಕಿದವರು.

ಕೆಲ ವರ್ಷಗಳ ಹಿಂದೆ ಸುವೈಕ್‌ನ ವ್ಯಾಪಾರಿ ಫಾಹಿಮ್ ತಮ್ಮ ತಂದೆಯ ಹಳೆಯ ಜಾವಾವನ್ನು ಹೊನ್ನಪ್ಪನವರಿಗೆ ಒಪ್ಪಿಸಿದರು. ರಜೆಗಳನ್ನೆಲ್ಲ ಅದಕ್ಕೇ ಸುರಿದು ಗಾಡಿಗೆ ಜೀವ ತುಂಬಿದ ಮೇಲೆ, ಇಬ್ರಾದ ಹಳೆಯ ವಾಹನಗಳ ಪ್ರದರ್ಶನಕ್ಕೆ ಅದನ್ನು ಒಯ್ದು, ಅಲ್ಲಿ ಜಾವಾದ ಚರಿತ್ರೆಯ ಬಗ್ಗೆ ಹೊನ್ನಪ್ಪನವರು ಉಪನ್ಯಾಸ ಕೊಡುವುದೆಂದು ನಿಶ್ಚಯವಾಯಿತು. ಊರು ಹತ್ತಿರವಾದಾಗ ಸುಮಿತ್ ಆಸೆಪಟ್ಟು ಗಾಡಿಯನ್ನು ಪಿಕಪ್‌ನಿಂದ ಇಳಿಸಿ ತಾವೇ ಹತ್ತಿದರು. ಹೊನ್ನಪ್ಪನವರು ಹಿಂದಿನಿಂದ ಪಿಕಪ್ ಓಡಿಸುತ್ತಿದ್ದರು. ಬೆಟ್ಟಗಳ ಮೇಲೆ ಮೋಡ ಕವಿದಿತ್ತು. ದಾರಿ ಮಾತ್ರ ಒಣಗಿತ್ತು.

ರಸ್ತೆ, ಬೆಟ್ಟದಲ್ಲಿ ಮಳೆಯಾದರಷ್ಟೇ ಹರಿಯುವ ಹಳ್ಳದ, ಅಲ್ಲಿಯವರ ಮಾತಿನಲ್ಲಿ ವಾದಿಯ, ಒಣ ಪಾತ್ರಕ್ಕೆ ಇಳಿಯುವಲ್ಲಿ ಎಂಜಿನ್ ಜಾಮ್ ಆಗಿ, ಹಿಂಚಕ್ರ ಕಚ್ಚಿಕೊಂಡು, ಗಾಡಿ ಮಗುಚಿತು. ಸುಮಿತರ ಕಾಲು ಅಡಿಯಲ್ಲಿ ಸಿಕ್ಕಿಕೊಂಡಿತು. ಅಷ್ಟರಲ್ಲಿ ಬೆಟ್ಟದ ಕಡೆಯಿಂದ, ಕಲ್ಲುಗಳನ್ನು ಉರುಳಿಸಿಕೊಂಡು ಬರುವ ನೀರಿನ ಮೊರೆತ ಕೇಳಿಸಿತು. ಹೊನ್ನಪ್ಪನವರಿಗೆ ಈಜು ಬಾರದು. ಪಿಕಪ್ಪಿನ ಬಾಗಿಲು ತೆರೆದವರಿಗೆ ತಿರುಗಿ ಮೇಲಕ್ಕೆ ಓಡಿಬಿಡೋಣವೆಂದು ಒಂದು ಕ್ಷಣ ಅನ್ನಿಸಿತೆಂದು ಆಮೇಲೆ ಪದ್ಮಮ್ಮನವರೆದುರು ಹೇಳಿಕೊಂಡರಂತೆ. ಆದರೂ ಕೆಳಕ್ಕಿಳಿದರು.

"ಸರ್, ಕಾಲು ಬರುದಿಲ್ಲ. ನೀವು ಹೋಗಿ ಮಾರಾಯ್ರೆ," ಎಂದರು ಸುಮಿತ್.

"ಹೆದರಬೇಡ ಅನ್ನಲ್ಲ ಕಣಪ್ಪ, ನಂಗೂ ಜೀವ ಹೋಗ್ತಿದೆ. ನಾನು ಎತ್ತಿದ ತಕ್ಷಣ ಎಳ್ಕೊ."

ಕೆಂಪು ನೀರು ಪಾದ ಮುಟ್ಟಿ, ನೋಡನೋಡುತ್ತಿದ್ದಂತೆ ಮೊಣಕಾಲಿಗೇರಿತು. ಹ್ಯಾಂಡಲ್ ಹಿಡಿದ ಕೈಗಳು ಎರಡು ಸಲ ಜಾರಿದವು. ಮೂರನೆಯ ಸಲ ಗಾಡಿ ಮೇಲೆದ್ದಿತು, ಕಾಲು ಬಿಡಿಸಿಕೊಂಡಿತು. ಸುಮಿತರನ್ನು ತೋಳು ಹಿಡಿದೆಳೆದು ದಂಡೆ ಹತ್ತಿಸಿ ಹಿಂದಿರುಗಿ ನೋಡುವಷ್ಟರಲ್ಲಿ ಪ್ರವಾಹ ಜಾವಾವನ್ನು ಕೊಚ್ಚಿಕೊಂಡು ಹೋಗಿತ್ತು.

ಫಾಹಿಮರಿಗೆ ಮುಖ ತೋರಿಸುವುದು ಹೇಗೆಂಬುದು ಮತ್ತೊಂದು ಭಯ. ಫೋನಿನಲ್ಲಿ ಎಲ್ಲವನ್ನೂ ಕೇಳಿದ ಅವರು, "ಖಲಾಸ್, ಭಾಯ್. ಆದ್ಮಿ ಬಚ್ ಗಯಾ, ಬಸ್," ಎಂದರು. ಮನುಷ್ಯ ಉಳಿದನಲ್ಲ, ಸಾಕು ಎಂಬ ಆ ಮಾತಿಗೆ ಹೊನ್ನಪ್ಪನವರು ರಸ್ತೆಬದಿಯಲ್ಲೇ ಕುಳಿತು ಅತ್ತರು.

ಮರುದಿನ ಇಬ್ರಾದಲ್ಲಿ ಗಾಡಿಯಿಲ್ಲದೆಯೇ ಉಪನ್ಯಾಸ ನಡೆಯಿತು. ಎರಡನೆಯ ಮಹಾಯುದ್ಧದಲ್ಲಿ ಪ್ರಾಗ್ ಆಕ್ರಮಿಸಿದ್ದ ಜರ್ಮನರ ಕಣ್ಗಾವಲಿನ ಅಡಿಯಲ್ಲೇ ಜಾವಾದವರು ಯುದ್ಧಾನಂತರದ ಹೊಸ ಮಾದರಿಯನ್ನು ಗುಟ್ಟಾಗಿ ರೂಪಿಸಿದ ಪ್ರಸಂಗವನ್ನು ಅವರು ಅದುವರೆಗೆ ವೀರಗಾಥೆಯಂತೆ ಹೇಳುತ್ತಿದ್ದರು. ಅಂದು ಹಾಗೆ ಹೇಳಲಾಗಲಿಲ್ಲ. "ಅವರಿಗೂ ಭಯ ಇದ್ದೇ ಇತ್ತು. ನಾಳೆ ಬಾಗಿಲು ತಟ್ಟಿದರೆ ಏನು ಗತಿ ಅಂತ ಹೆದರ್ತಾನೇ ಕೆಲಸ ಮಾಡಿದ್ರು," ಎಂದರು. ಮುಂದಿನ ಸಾಲಿನಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದ ಸುಮಿತ್ ತಲೆ ತಗ್ಗಿಸಿದರು.

ಮೈಸೂರಿಗೆ ಮರಳಿ ಈ ಚರಿತ್ರೆಯನ್ನು ಪುಸ್ತಕವಾಗಿ ಬರೆಯುವ ಸಂಕಲ್ಪ ಹೊನ್ನಪ್ಪನವರದು. ಬರೆದದ್ದು ಸರಿಯಾದೀತೋ ಇಲ್ಲವೋ ಎಂದು ಈಗಲೇ ಹೆದರಿದ್ದಾರೆ. ಆ ಹೆದರಿಕೆಯ ಜೊತೆಗೇ ಅವರಿಗೆ ನೂರು ವರ್ಷದ ಆಯುಸ್ಸು ಇರಲಿ, ಪದ್ಮಮ್ಮನವರು ಪಕ್ಕದಲ್ಲಿರಲಿ, ಬರೆಯುವ ಕೈ ನಡುಗಿದರೂ ನಿಲ್ಲದಿರಲಿ.